ಚೊಗರಿಗೆ ಇಂಗ್ಲಿಷ್‌ನಲ್ಲಿ ಏನಂತಾರೆ?

'ನಾಳೆ ಬಸ್ ಇಲ್ಲ, ಅಲ್ವಾ?' 'ಅಡಿಕೆ ಒಣಗಿದೆ, ಅಲ್ವಾ?' 'ಅವಳು ಹಾಲು ಕುಡಿತಾಳೆ, ಅಲ್ವಾ?' ಚನ್ನಗಿರಿ ತಾಲ್ಲೂಕಿನ ನಲ್ಲೂರಿನಲ್ಲಿ ಹತ್ತನೇ ತರಗತಿ ಓದುವ ಹುಡುಗನಿಗೆ ಈ 'ಅಲ್ವಾ' ಉಸಿರಾಡಿದಷ್ಟು ಸಲೀಸು. ಅದೇ ಹುಡುಗ ಇಂಗ್ಲಿಷ್ ಪ್ರಶ್ನೆಪತ್ರಿಕೆಯ 'ಕ್ವೆಶ್ಚನ್ ಟ್ಯಾಗ್' ಮುಂದೆ ಪೆನ್ನು ಕಚ್ಚುತ್ತಾ ಕೂರುತ್ತಾನೆ. ಅಲ್ಲಿ ಮೊದಲನೆಯದಕ್ಕೆ 'ಈಸ್ ದೇರ್', ಎರಡನೆಯದಕ್ಕೆ 'ಹ್ಯಾಸಂಟ್ ಇಟ್', ಮೂರನೆಯದಕ್ಕೆ 'ಡಸಂಟ್ ಷೀ'. ಕಾಲ, ಲಿಂಗ, ವಚನ, ಹೌದೋ ಅಲ್ಲವೋ ಎಲ್ಲವನ್ನೂ ತೂಗಿ ನೋಡಿ ಎರಡು ಪದ ಬರೆಯಬೇಕು. ಹುಡುಗ ಎಲ್ಲದಕ್ಕೂ 'ಇಸಂಟ್ ಇಟ್' ಅಂತ ಬರೆದು ಕೈ ತೊಳೆದುಕೊಳ್ಳುತ್ತಾನೆ. ಅದು ದಡ್ಡತನವಲ್ಲ. ಅವನು ಕನ್ನಡದ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದಾನೆ, ಅಷ್ಟೇ.

ನಮ್ಮ ಮಕ್ಕಳ ಬಹುಪಾಲು ತಪ್ಪುಗಳಿಗೆ ಇಂಥದೊಂದು ತವರುಮನೆ ಇದೆ. ನಲ್ಲೂರಲ್ಲಿ, ಬಸ್‌ಸ್ಟ್ಯಾಂಡಲ್ಲಿ, ಬಸ್ಸಲ್ಲಿ: ಕನ್ನಡಕ್ಕೆ ಮೂರೂ ಕಡೆ ಸಪ್ತಮಿ ಒಂದೇ. ಇಂಗ್ಲಿಷ್ ಮಾತ್ರ 'ಇನ್ ನಲ್ಲೂರು', 'ಅಟ್ ದ ಬಸ್‌ಸ್ಟ್ಯಾಂಡ್', 'ಆನ್ ದ ಬಸ್' ಎಂದು ಮೂರು ದಾರಿ ಹಿಡಿಯುತ್ತದೆ. 'ನಾನು ನಾಳೆ ಬರ್ತೀನಿ ಅಂತ ಅಪ್ಪ ಹೇಳಿದ್ರು' ಎನ್ನುವಾಗ 'ಅಂತ' ಎಂಬ ಪುಟ್ಟ ಪದ ಅಪ್ಪನ ಮಾತನ್ನು ಇದ್ದಂತೆಯೇ ಹೊತ್ತು ತರುತ್ತದೆ. ಇಂಗ್ಲಿಷ್‌ನ 'ರಿಪೋರ್ಟೆಡ್ ಸ್ಪೀಚ್'ನಲ್ಲಿ 'ನಾನು' ಹೋಗಿ 'ಅವನು' ಆಗುತ್ತದೆ, 'ನಾಳೆ' ಹೋಗಿ 'ಮರುದಿನ' ಆಗುತ್ತದೆ, 'ವಿಲ್' ಕೂಡ 'ವುಡ್' ಆಗಿ ಹಿಂದೆ ಸರಿಯುತ್ತದೆ. ಇದನ್ನು ಕನ್ನಡದಲ್ಲೇ ಐದು ನಿಮಿಷ ಬಿಡಿಸಿ ಹೇಳುವ ಮೇಷ್ಟ್ರು, ಐವತ್ತು ಬಿಟ್ಟ ಸ್ಥಳ ತುಂಬಿಸುವವರಿಗಿಂತ ಬೇಗ ಗುರಿ ಮುಟ್ಟುತ್ತಾರೆ.

ಹಳಬರಿಗೆ ಎಬಿಸಿಡಿ ಪರಿಚಯವಾಗುತ್ತಿದ್ದುದೇ ಐದನೇ ತರಗತಿಯಲ್ಲಿ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲು ತೊಡಗಿದ್ದು 2007-08ರಲ್ಲಿ. ವರ್ಷಗಳೇನೋ ಹೆಚ್ಚಾದವು. ಅಭ್ಯಾಸದ ರೀತಿ ಬದಲಾಯಿತೇ ಎಂಬುದು ಬೇರೆ ಮಾತು.

ಆ ರೀತಿಯನ್ನೇ ಬದಲಿಸಲು ಹೊರಟ ಪ್ರಯೋಗವೊಂದು ನಮ್ಮ ನೆಲದಲ್ಲೇ ನಡೆದಿತ್ತು. ಬೆಂಗಳೂರಿನಲ್ಲಿ 1963ರಿಂದ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. ಶಾಲಾ ಶಿಕ್ಷಕರಿಗೆ ಇಂಗ್ಲಿಷ್ ಬೋಧನೆಯ ತರಬೇತಿ ಕೊಡುವುದು ಅದರ ಕೆಲಸ. ಆಗ ಪಾಠಗಳು ನಡೆಯುತ್ತಿದ್ದುದು ವಾಕ್ಯರಚನೆಗಳ ಏಣಿಯ ಮೇಲೆ: ಇವತ್ತು 'ದಿಸ್ ಈಸ್', ನಾಳೆ 'ದೀಸ್ ಆರ್'. ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಎನ್. ಎಸ್. ಪ್ರಭು ಅವರಿಗೆ ಇದರಲ್ಲಿ ನಂಬಿಕೆ ಹೋಗಿತ್ತು. 1979ರಿಂದ 1984ರವರೆಗೆ ಅವರು ಮತ್ತು ಸಂಗಡಿಗರು ಈ ಸಂಸ್ಥೆಯ ನೆರವಿನೊಂದಿಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ವ್ಯಾಕರಣದ ಏಣಿಯನ್ನೇ ಪಕ್ಕಕ್ಕಿಟ್ಟರು. ಮಕ್ಕಳ ಕೈಗೆ ರೈಲಿನ ವೇಳಾಪಟ್ಟಿ, ಊರಿನ ನಕ್ಷೆ, ಶಾಲೆಯ ಟೈಮ್‌ಟೇಬಲ್ ಬಂದವು. ಯಾವ ರೈಲು ಹಿಡಿದರೆ ಹೊತ್ತಿಗೆ ಮುಂಚೆ ತಲುಪಬಹುದು? ಮೊದಲು ಮೇಷ್ಟ್ರು ಇಡೀ ತರಗತಿಯ ಜೊತೆ ಒಂದು ಲೆಕ್ಕ ಬಿಡಿಸುವುದು, ಆಮೇಲೆ ಅಂಥದೇ ಇನ್ನೊಂದನ್ನು ಮಕ್ಕಳು ತಾವೇ ಬಿಡಿಸುವುದು. ಮನಸ್ಸು ಅರ್ಥದ ಬೆನ್ನು ಹತ್ತಿದಾಗ ವ್ಯಾಕರಣ ಗೊತ್ತಿಲ್ಲದ ಹಾಗೆ ಒಳಗೆ ಇಳಿಯುತ್ತದೆ ಎನ್ನುವುದು ಪ್ರಭು ಅವರ ವಾದ. 1987ರಲ್ಲಿ ಅವರ ಪುಸ್ತಕ ಹೊರಬಂತು. ಈ ಪ್ರಯೋಗಕ್ಕೆ ಬಂದ 'ಬ್ಯಾಂಗಲೋರ್ ಪ್ರಾಜೆಕ್ಟ್' ಎಂಬ ಹೆಸರು ಇವತ್ತಿಗೂ ದೇಶವಿದೇಶಗಳ ಶಿಕ್ಷಕರ ತರಬೇತಿ ಕೋರ್ಸುಗಳಲ್ಲಿ ಕೇಳಿಬರುತ್ತದೆ.

ಫಲಿತಾಂಶವೇನೂ ಪವಾಡವಲ್ಲ. ಬೆರೆಟ್ಟಾ ಮತ್ತು ಡೇವಿಸ್ ಎಂಬ ಇಬ್ಬರು 1985ರಲ್ಲಿ ಪ್ರಕಟಿಸಿದ ಮೌಲ್ಯಮಾಪನದಲ್ಲಿ, ವಾಕ್ಯರಚನೆಯ ಪರೀಕ್ಷೆಯಲ್ಲಿ ಹಳೇ ಪದ್ಧತಿಯ ಮಕ್ಕಳು ಮುಂದಿದ್ದರು. ಕೇಳಿ, ಓದಿ ಅರ್ಥಮಾಡಿಕೊಳ್ಳುವಂಥ ಪರೀಕ್ಷೆಗಳಲ್ಲಿ ಪ್ರಯೋಗದ ಮಕ್ಕಳ ಕೈ ಮೇಲಾಗಿತ್ತು. ಯಾವುದನ್ನು ಬಿತ್ತಿದೆವೋ ಅದೇ ಬೆಳೆ. ವ್ಯಾಕರಣವನ್ನು ಅಷ್ಟು ದೂರ ಇಡಬೇಕಿರಲಿಲ್ಲ ಎಂದು ಈಗ ಅನ್ನಿಸಿದರೂ, ಭಾಷೆಯಿಂದ ಒಂದು ಕೆಲಸ ಆಗಬೇಕು ಎಂಬ ಅವರ ಹಟ ಸರಿಯಾದದ್ದೇ.

'ಪ್ಯಾಸಿವ್ ವಾಯ್ಸ್' ನೋಡಿ. ತಲೆಮಾರುಗಳಿಂದ ನಮ್ಮ ಕಪ್ಪುಹಲಗೆಯ ಮೇಲೆ ರಾಮ ರಾವಣನನ್ನು ಕೊಲ್ಲುತ್ತಲೇ ಇದ್ದಾನೆ, ರಾವಣ ರಾಮನಿಂದ ಕೊಲ್ಲಲ್ಪಡುತ್ತಲೇ ಇದ್ದಾನೆ. 'ಕೊಲ್ಲಲ್ಪಟ್ಟನು' ಎಂದು ಯಾವ ಕನ್ನಡಿಗನೂ ಬಾಯಿಬಿಟ್ಟು ಮಾತಾಡುವುದಿಲ್ಲ. ಹೀಗಾಗಿ ಆ ವಾಕ್ಯ ಯಾಕೆ ಬೇಕು ಎಂಬುದೇ ಮಗುವಿಗೆ ತಿಳಿಯದೆ, ಅದಲುಬದಲು ಮಾಡುವ ಆಟವಾಗಿ ಉಳಿಯುತ್ತದೆ.

ಚನ್ನಗಿರಿ ಸೀಮೆಯಲ್ಲಿ ಇದಕ್ಕೊಂದು ಒಳ್ಳೆಯ ಪಾಠ ಅಂಗಳದಲ್ಲೇ ಹರಡಿ ಬಿದ್ದಿರುತ್ತದೆ. ಅಡಿಕೆ ಹೇಗೆ ಮಾಡ್ತಾರೆ ಅಂತ ಮಕ್ಕಳನ್ನು ಕೇಳಿ. 'ಗೊನೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸ್ತಾರೆ.' ಯಾರು ಸುಲಿದರು, ಯಾರು ಬೇಯಿಸಿದರು? ಅದು ಯಾರಿಗೂ ಬೇಕಿಲ್ಲ; ಬೇಕಾಗಿರುವುದು ಅಡಿಕೆ. ಮಾಡಿದವರ ಹೆಸರು ಬೇಡದಿದ್ದಾಗ ಕನ್ನಡ 'ಮಾಡ್ತಾರೆ' ಎಂದು ತೇಲಿಸಿಬಿಡುತ್ತದೆ. ಇಂಗ್ಲಿಷ್ ಅದೇ ಜಾಗದಲ್ಲಿ 'ದ ನಟ್ಸ್ ಆರ್ ಹಸ್ಕ್‌ಡ್, ಬಾಯ್ಲ್‌ಡ್ ಅಂಡ್ ಡ್ರೈಡ್' ಅನ್ನುತ್ತದೆ. 'ಬೈ' ಬೇಕೇ ಇಲ್ಲ. ಪದಸಂಪತ್ತೂ ಜೊತೆಗೇ ಬರುತ್ತದೆ: ಗೊನೆ 'ಬಂಚ್', ಸಿಪ್ಪೆ 'ಹಸ್ಕ್', ಸುಲಿಯುವುದಕ್ಕೂ ಅದೇ 'ಹಸ್ಕ್'. ನಾಮಪದವೇ ಕ್ರಿಯಾಪದವೂ ಆಗಬಹುದೆಂಬ ಗುಟ್ಟು ಅಲ್ಲೇ ರಟ್ಟಾಗುತ್ತದೆ. ಪಟ್ಟಿ ಮಾಡಿ ಉರು ಹೊಡೆಸಿದ ಪದ ಪರೀಕ್ಷೆಯ ಮರುದಿನ ಮಾಯವಾಗಬಹುದು. ಅಂಗೈಗೆ ಕರೆ ಹಿಡಿಸಿದ ಸಿಪ್ಪೆಯ ಹೆಸರು ಅಷ್ಟು ಸುಲಭಕ್ಕೆ ಮರೆಯುವುದಿಲ್ಲ.

ಒಂದೇ ಒಂದು ಪದ ಸಿಕ್ಕಿಹಾಕಿಕೊಳ್ಳುತ್ತದೆ. ಚೊಗರು. ಅಡಿಕೆಗೆ ಬಣ್ಣ ಕೊಡುವ ಆ ಕೆಂಪು ನೀರಿಗೆ ಇಂಗ್ಲಿಷ್‌ನಲ್ಲಿ ಅಚ್ಚುಕಟ್ಟಾದ ಹೆಸರಿಲ್ಲ. ಅದನ್ನು ಹಾಗೇ ಬರೆದು ವಿವರಿಸಬೇಕು: ಬೇಯಿಸಿದ ಮೇಲೆ ಉಳಿದ ಕೆಂಪು ನೀರು. ಕನ್ನಡದಲ್ಲಿ 'ಉಳಿದ' ಎಂಬುದು ನೀರಿನ ಮುಂದೆ ಬಂದು ನಿಂತರೆ ಸಾಕು. ಇಂಗ್ಲಿಷ್‌ನಲ್ಲಿ ನೀರು ಮೊದಲು ಬಂದು, ಅದರ ಬೆನ್ನಿಗೆ 'ವಿಚ್' ಬೇಕು: 'ದ ರೆಡ್ ವಾಟರ್ ವಿಚ್ ಈಸ್ ಲೆಫ್ಟ್'. ಅಷ್ಟರಲ್ಲಿ ಬೆಲ್ ಹೊಡೆದರೆ, 'ವಿಚ್' ನಾಳೆಯ ಪೀರಿಯಡ್ಡಿಗೆ.