ಹ್ಯಾಂಬರ್ಗ್‌ನಿಂದ ಅಕ್ಕಲಕೋಟಕ್ಕೆ ಬಂದ ‘ಟೆಂಪೊ’

ಅಕ್ಕಲಕೋಟ: ಉಳ್ಳಾಗಡ್ಡಿ ಚೀಲ ಸೊಲ್ಲಾಪುರ ಪೇಟೆಗೆ ಒಯ್ಯಬೇಕೆ? ‘ಒಂದು ಟೆಂಪೊ ಹೇಳ್ರಿ’ ಅಂತೇವೆ. ಈ ಟೆಂಪೊ ಎಂಬುದು ಮೂಲದಲ್ಲಿ ವಾಹನದ ಜಾತಿಯಲ್ಲ, ಜರ್ಮನಿಯ ಒಂದು ಕಂಪನಿಯ ಹೆಸರು ಎಂಬುದು ಎಷ್ಟು ಮಂದಿಗೆ ಗೊತ್ತು?

ಹ್ಯಾಂಬರ್ಗ್‌ನ ವಿಡಾಲ್ ಕಂಪನಿ 1920ರ ದಶಕದಿಂದ ಸಣ್ಣ ವ್ಯಾಪಾರಿಗಳಿಗಾಗಿ ‘ಟೆಂಪೊ’ ಹೆಸರಿನ ಮೂರು ಚಕ್ರದ ಗಾಡಿ ಮಾಡುತ್ತಿತ್ತು. 1949ರಲ್ಲಿ ನಾಲ್ಕು ಚಕ್ರದ ‘ಮೆಟಡೋರ್’ ತಂದಿತು. ಅದಕ್ಕೆ ಎಂಜಿನ್ ಫೋಕ್ಸ್‌ವ್ಯಾಗನ್‌ನದು. ಮರುವರ್ಷವೇ ಫೋಕ್ಸ್‌ವ್ಯಾಗನ್ ತನ್ನದೇ ವ್ಯಾನ್ ಇಳಿಸಿತು; ಸ್ವಲ್ಪ ಕಾಲದಲ್ಲೇ ಎಂಜಿನ್ ಪೂರೈಕೆ ನಿಂತಿತು. ಪೈಪೋಟಿಯವರಿಗೆ ಯಾರು ಎಷ್ಟು ದಿನ ಕೊಟ್ಟಾರು! ಬೇರೆ ಎಂಜಿನ್ ಹಾಕಿ ಮೆಟಡೋರ್ ಮುಂದುವರಿಯಿತು.

ಭಾರತಕ್ಕೆ ಇದನ್ನು ತಂದವರು ಎನ್.ಕೆ. ಫಿರೋದಿಯಾ. 1958ರಲ್ಲಿ ವಿಡಾಲ್ ಸಹಯೋಗದಲ್ಲಿ ಬಜಾಜ್ ಟೆಂಪೊ ಶುರುವಾಯಿತು. ಮೊದಲು ಬಂದದ್ದು ಮೂರು ಚಕ್ರದ ‘ಹಾನ್ಸಿಯಾಟ್’. ಕಾರ್ಖಾನೆ ಪುಣೆಯ ಆಕುರ್ಡಿಗೆ ಬಂದ ಮೇಲೆ, 1960ರ ದಶಕದ ಕೊನೆಗೆ, ಮೆಟಡೋರ್ ಸರದಿ.

ಅದರ ಗುಟ್ಟು ಮುಂದಿನ ಚಕ್ರದಲ್ಲಿತ್ತು. ಎಂಜಿನ್ ಬಲವೆಲ್ಲ ಮುಂದಿನ ಚಕ್ರಕ್ಕೇ ಹೋಗುತ್ತಿದ್ದರಿಂದ ಹಿಂದಕ್ಕೆ ಶಾಫ್ಟ್ ಬೇಕಿರಲಿಲ್ಲ. ಹಾಗಾಗಿ ಗಾಡಿಯ ತಳ ನೆಲಕ್ಕೆ ಹತ್ತಿರ. ಹಮಾಲರಿಗೆ ಇದರ ಬೆಲೆ ಗೊತ್ತು: ಚೀಲ ತಲೆಮಟ್ಟಕ್ಕೆ ಎತ್ತೋದು ಬೇರೆ, ಮೊಣಕಾಲ ಮಟ್ಟಕ್ಕೆ ಇಡೋದು ಬೇರೆ. ಲಾರಿ ತುಂಬುವಷ್ಟು ಮಾಲಿಲ್ಲದ ರೈತನಿಗೆ, ಲಗ್ನದ ಮಂದಿಗೆ, ಶಾಲೆ ಮಕ್ಕಳಿಗೆ ಇದೇ ಅಳತೆ ಸರಿಹೋಯಿತು. ದೋಷವೂ ಅಲ್ಲೇ ಇತ್ತು. ಹಿಂದೆ ಮಿತಿಮೀರಿ ಹೇರಿದರೆ ಮುಂದಿನ ಚಕ್ರ ಹಗುರಾಗಿ, ಏರಿನಲ್ಲಿ, ಕೆಸರಿನಲ್ಲಿ ಹಿಡಿತ ಬಿಡೋದು.

ತವರಿನಲ್ಲಿ ಕಥೆ ಬೇಗ ಮುಗಿಯಿತು. ಟೆಂಪೊ ಹಾನೊಮಾಗ್ ಪಾಲಾಗಿ, ಆಮೇಲೆ ಬೆಂಜ್ ಕೈಸೇರಿ, 1970ರ ದಶಕದಲ್ಲೇ ಆ ವ್ಯಾನ್ ತಯಾರಿಕೆ ನಿಂತಿತು. ಇಲ್ಲಿ ಮಾತ್ರ ಬೆಂಜ್ ಡೀಸೆಲ್ ಎಂಜಿನ್ ಹಾಕಿಕೊಂಡು 2000ದ ಸುಮಾರಿನವರೆಗೂ ಮೆಟಡೋರ್ ಓಡಿತು. ತಾಯಿ ಸತ್ತ ಮೇಲೂ ಮಗು ಇಪ್ಪತ್ತು ವರ್ಷ ದುಡಿದಂಗೆ! 1987ರಲ್ಲಿ ಬಂದ ಟ್ರಾವೆಲರ್ ಪ್ರಯಾಣಿಕರನ್ನು ಮೆಲ್ಲಗೆ ತನ್ನತ್ತ ಸೆಳೆಯಿತು. ಇಂದಿಗೂ ಅನೇಕ ಆಂಬುಲೆನ್ಸ್‌ಗಳು ಅದೇ ಗಾಡಿಯವು.

2005ರಲ್ಲಿ ಕಂಪನಿ ‘ಫೋರ್ಸ್ ಮೋಟಾರ್ಸ್’ ಆಯಿತು, ಬೋರ್ಡಿನಿಂದ ಟೆಂಪೊ ಹೋಯಿತು. ಅದೇ ವರ್ಷ ಟಾಟಾದವರ ಏಸ್ ಬಂತು. ಗಾಡಿ ಬೇರೆ, ಕಂಪನಿ ಬೇರೆ. ಆದರೂ ನಮ್ಮ ಮಂದಿ ಅದನ್ನೂ ಕರೆದದ್ದು ಟೆಂಪೊ ಅಂತಲೇ.