ಕಂಠವು ಹುಟ್ಟಿನಿಂದಲೋ, ಸಹವಾಸದಿಂದಲೋ?

"ನೂಲಿನಂತೆ ಸೀರೆ, ತಾಯಿಯಂತೆ ಮಗಳು" ಎಂಬುದು ನಮ್ಮ ಗಾದೆ. "ಸಹವಾಸದಿಂದ ಸನ್ಯಾಸಿ ಕೆಟ್ಟ" ಎಂಬುದೂ ನಮ್ಮದೇ ಗಾದೆ. ಮೊದಲನೆಯದು ವಂಶವೇ ಎಲ್ಲಕ್ಕೂ ಮೂಲವೆಂದು ಸಾರಿದರೆ, ಎರಡನೆಯದು ನೆರೆಹೊರೆಯೇ ಮನುಷ್ಯನನ್ನು ರೂಪಿಸುತ್ತದೆಂದು ಎಚ್ಚರಿಸುತ್ತದೆ. ಹಾಡುವ ಮತ್ತು ಮಾತನಾಡುವ ಕಂಠದ ವಿಷಯದಲ್ಲಿ ಇವೆರಡರ ಪೈಕಿ ಯಾವುದು ದಿಟ?

ಇದು ಕೇವಲ ಪಂಡಿತರ ಚರ್ಚೆಯಲ್ಲ. ಮುಂಬಯಿ, ಪುಣೆ, ದಿಲ್ಲಿಗಳಲ್ಲಿ ದುಡಿದು ಬಾಳುವ ನಮ್ಮ ಬಂಧುಗಳಿಗೆ ಈ ಪ್ರಶ್ನೆ ದಿನನಿತ್ಯವೂ ಎದುರಾಗುತ್ತದೆ. ಮಾಣಿಯು "ಖಾನಾ" ಎನ್ನಬೇಕಾದಲ್ಲಿ "ಕಾನಾ" ಎಂದರೆ, "ನಿಮ್ಮವರ ನಾಲಗೆಯೇ ದಪ್ಪ" ಎಂದು ಗಿರಾಕಿಯು ನಗುತ್ತಾನೆ. ಇತ್ತ ನಮ್ಮ ಮನೆಗಳಲ್ಲಿ ಕನ್ನಡವಾಡದ ಮಕ್ಕಳನ್ನು ಕುರಿತು, "ಎಷ್ಟಾದರೂ ಕನ್ನಡಿಗರ ಮಗು, ರಕ್ತದಲ್ಲಿರುವ ಭಾಷೆ ದೊಡ್ಡದಾದ ಮೇಲೆ ತಾನಾಗಿ ಬಂದೀತು" ಎಂದು ತಂದೆತಾಯಿಗಳು ಸಮಾಧಾನ ತಾಳುತ್ತಾರೆ. ಗಿರಾಕಿಯ ನಗೆಗೂ ತಂದೆತಾಯಿಗಳ ಸಮಾಧಾನಕ್ಕೂ ಆಧಾರ ಒಂದೇ: ಮಾತು ರಕ್ತದಲ್ಲಿ ಹರಿದು ಬರುತ್ತದೆಂಬ ನಂಬಿಕೆ. ಈ ನಂಬಿಕೆಯಲ್ಲಿ ಎಷ್ಟು ಹುರುಳಿದೆಯೆಂದು ಪರೀಕ್ಷಿಸುವುದು ಅವಶ್ಯ.

ಹುಟ್ಟಿನಿಂದ ಬಂದ ವಾದ್ಯ

ನಮ್ಮ ಗಂಟಲೊಳಗಿನ ಧ್ವನಿಪೆಟ್ಟಿಗೆಯಲ್ಲಿ ಎರಡು ಧ್ವನಿತಂತುಗಳಿವೆ. ಶ್ವಾಸಕೋಶದಿಂದ ಮೇಲೇರುವ ಗಾಳಿ ಇವನ್ನು ಕಂಪಿಸಿದಾಗ ನಾದ ಹುಟ್ಟುತ್ತದೆ. ಆ ನಾದವು ಗಂಟಲು, ಬಾಯಿ, ಮೂಗುಗಳ ಪೊಳ್ಳುಗಳಲ್ಲಿ ಅನುರಣನಗೊಂಡು, ಇದು ಇಂಥವನ ಧ್ವನಿಯೆಂದು ನಾವು ಗುರುತಿಸುವ ಬಣ್ಣವನ್ನು ಪಡೆಯುತ್ತದೆ. ತಂತಿ ಉದ್ದವಾಗಿ ದಪ್ಪನಾಗಿದ್ದರೆ ಸ್ವರ ತಗ್ಗು. ಗಿಡ್ಡವಾಗಿ ತೆಳ್ಳಗಿದ್ದರೆ ಸ್ವರ ಏರು. ಇದು ತಂಬೂರಿಗೂ ಒಂದೇ, ಗಂಟಲಿಗೂ ಒಂದೇ. ವಯಸ್ಕ ಗಂಡಸಿನ ಧ್ವನಿತಂತುಗಳು ಸುಮಾರು 17ರಿಂದ 25 ಮಿಲಿಮೀಟರ್ ಉದ್ದವಿದ್ದರೆ, ಹೆಂಗಸಿನವು ಸುಮಾರು 12ರಿಂದ 17 ಮಿಲಿಮೀಟರ್ ಇರುತ್ತವೆ. ಆದುದರಿಂದಲೇ ಗಂಡಸಿನ ಮಾತಿನಲ್ಲಿ ಸೆಕೆಂಡಿಗೆ ಸುಮಾರು 120, ಹೆಂಗಸಿನ ಮಾತಿನಲ್ಲಿ ಸುಮಾರು 200 ಕಂಪನಗಳು ಕಂಡುಬರುತ್ತವೆ. ಹರೆಯದಲ್ಲಿ ಹುಡುಗರ ಕಂಠ ಒಡೆಯುವುದು ಗ್ರಂಥಿರಸದ ಪ್ರಭಾವದಿಂದ. ಅದಕ್ಕೆ ಯಾವ ದೇಶದ ಸಂಸ್ಕೃತಿಯೂ ಕಾರಣವಲ್ಲ.

ಆನುವಂಶಿಕತೆಯ ಪಾಲನ್ನು ವಿಜ್ಞಾನಿಗಳೂ ಗುರುತಿಸಿದ್ದಾರೆ. 2023ರಲ್ಲಿ ಐಸ್‌ಲೆಂಡ್ ದೇಶದ 12,901 ಜನರ ಧ್ವನಿಯನ್ನು ಮುದ್ರಿಸಿ, ಅವರ ವಂಶವಾಹಿಗಳೊಡನೆ ಹೋಲಿಸಿ ನೋಡಿದ ಸಂಶೋಧನೆಯೊಂದು ಪ್ರಕಟವಾಯಿತು. "ಎಬಿಸಿಸಿ9" ಎಂಬ ವಂಶವಾಹಿಯಲ್ಲಿ ಕೆಲವು ಭೇದಗಳಿರುವ ಗಂಡಸರ ಮತ್ತು ಹೆಂಗಸರ ಧ್ವನಿ ತುಸು ಏರಿಕೆಯಲ್ಲಿರುತ್ತದೆಂದು ಅದರಿಂದ ತಿಳಿದುಬಂತು. ಫೋನಿನಲ್ಲಿ ಮಗನ ಧ್ವನಿಯನ್ನು ಕೇಳಿ ತಂದೆಯೆಂದೇ ಭ್ರಮಿಸಿ ವ್ಯವಹಾರ ಮಾತನಾಡಿದವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ವಾದ್ಯವು ಹಿರಿಯರಿಂದ ಬಂದದ್ದೆಂಬುದರಲ್ಲಿ ಸಂಶಯವಿಲ್ಲ.

ಬಾರಿಸುವ ರೀತಿ ಸಮಾಜದ್ದು

ಆದರೆ ವಾದ್ಯ ಬೇರೆ, ಅದನ್ನು ನುಡಿಸುವ ರೀತಿ ಬೇರೆ. ಆಸ್ಟ್ರೇಲಿಯದಲ್ಲಿ 1945ರಲ್ಲಿ ಮುದ್ರಿಸಿಟ್ಟಿದ್ದ ತರುಣಿಯರ ಧ್ವನಿಯನ್ನು 1993ರ ಅದೇ ಪ್ರಾಯದ ತರುಣಿಯರ ಧ್ವನಿಯೊಡನೆ ಸಂಶೋಧಕರು ಹೋಲಿಸಿದರು. ಸೆಕೆಂಡಿಗೆ 229 ಕಂಪನಗಳಷ್ಟಿದ್ದ ಸರಾಸರಿಯು 206ಕ್ಕೆ ಇಳಿದಿತ್ತು. ಐವತ್ತು ವರ್ಷಗಳೊಳಗೆ ಒಂದು ಜನಾಂಗದ ವಂಶವಾಹಿಗಳು ಹೀಗೆ ಬದಲಾಗಲಾರವು. ಸಮಾಜದಲ್ಲಿ ಸ್ತ್ರೀಯ ಸ್ಥಾನ ಬದಲಾದುದೇ ಅದಕ್ಕೆ ಮುಖ್ಯ ಕಾರಣವಿರಬೇಕೆಂದು ಅವರು ಊಹಿಸಿದರು. ಜಪಾನಿನ ಹೆಂಗಸರು ಹಾಲೆಂಡಿನ ಹೆಂಗಸರಿಗಿಂತ ಏರುಧ್ವನಿಯಲ್ಲಿ ಮಾತನಾಡುತ್ತಾರೆಂದು 1995ರ ಇನ್ನೊಂದು ಸಂಶೋಧನೆ ತೋರಿಸಿತು. ಕೋಮಲವಾದ ಏರುಧ್ವನಿಯೇ ಹೆಣ್ಣಿಗೆ ಭೂಷಣವೆಂದು ಬಗೆಯುವ ಸಮಾಜದಲ್ಲಿ ಹೆಣ್ಣುಮಕ್ಕಳು ಹಾಗೆಯೇ ನುಡಿಯಲು ಕಲಿಯುತ್ತಾರೆ.

ಇದಕ್ಕಿಂತಲೂ ಆಶ್ಚರ್ಯಕರವಾದುದು ಹಸುಗೂಸುಗಳ ಅಳು. ಎರಡರಿಂದ ಐದು ದಿನಗಳ ಪ್ರಾಯದ 30 ಫ್ರೆಂಚ್ ಮತ್ತು 30 ಜರ್ಮನ್ ಶಿಶುಗಳ ಅಳುವನ್ನು ಮುದ್ರಿಸಿ ಪರೀಕ್ಷಿಸಿದ ವಿವರ 2009ರಲ್ಲಿ ಪ್ರಕಟವಾಯಿತು. ಫ್ರೆಂಚ್ ಶಿಶುಗಳ ಅಳು ಹೆಚ್ಚಾಗಿ ಮೇಲಕ್ಕೇರುತ್ತಿತ್ತು. ಜರ್ಮನ್ ಶಿಶುಗಳದು ಮೇಲಿನಿಂದ ಕೆಳಗಿಳಿಯುತ್ತಿತ್ತು. ಆಯಾ ಭಾಷೆಗಳ ಮಾತಿನ ಧಾಟಿಯೂ ಹೀಗೆಯೇ ಇದೆ. ಗರ್ಭದ ಕೊನೆಯ ತಿಂಗಳುಗಳಲ್ಲಿ ತಾಯಿಯ ದನಿಯನ್ನು ಆಲಿಸಿದ ಮಗು, ಹುಟ್ಟುವಾಗಲೇ ಆ ಭಾಷೆಯ ರಾಗವನ್ನು ಕಿವಿಯಲ್ಲಿ ಹೊತ್ತು ಬರುತ್ತದೆಂದಾಯಿತು. "ಹುಟ್ಟಿನಿಂದಲೇ ಬಂದದ್ದು" ಎಂದು ನಾವು ಹೇಳುವುದೆಲ್ಲ ರಕ್ತದಿಂದ ಬಂದದ್ದಲ್ಲ.

ಧಾರವಾಡ ಸೀಮೆಯ ಸಾಕ್ಷ್ಯ

ಸಂಗೀತದ ಮಾತಿಗೆ ಬಂದರೆ ನಮ್ಮ ನಾಡೇ ಉತ್ತಮ ಸಾಕ್ಷ್ಯವನ್ನು ಒದಗಿಸುತ್ತದೆ. "ಘರಾಣೆ" ಎಂದರೆ ಮನೆತನ. ಹೆಸರನ್ನು ಕೇಳಿದರೆ ಅದು ರಕ್ತಸಂಬಂಧದ ಆಸ್ತಿಯೆಂದೇ ತೋರುತ್ತದೆ. ಕಿರಾಣಾ ಘರಾಣೆಯ ಮೂಲ ಉತ್ತರಪ್ರದೇಶದ ಕೈರಾಣಾ. ಅಲ್ಲಿಯ ಉಸ್ತಾದ್ ಅಬ್ದುಲ್ ಕರೀಮ್ ಖಾನರು (1872–1937) ಮಿರಜದಲ್ಲಿ ನೆಲೆಸಿ, ಕುಂದಗೋಳದ ರಾಮಭಾವು ಅವರಿಗೆ ವಿದ್ಯೆಯನ್ನು ಧಾರೆಯೆರೆದರು. ಇವರೇ ಸವಾಯಿ ಗಂಧರ್ವರೆಂದು (1886–1952) ಖ್ಯಾತರಾದವರು. ಇವರ ಶಿಷ್ಯರು ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರು (1913–2009) ಮತ್ತು ಗದಗ ಸೀಮೆಯ ಭೀಮಸೇನ ಜೋಶಿಯವರು (1922–2011). ಗುರುವಿನ ಊರು ಬೇರೆ, ಮತ ಬೇರೆ, ಮನೆಮಾತು ಬೇರೆ. ಆದರೂ ಸ್ವರವನ್ನು ನಿಧಾನವಾಗಿ ಬಿಡಿಸಿ ತೋರುವ ಆ ಘರಾಣೆಯ ಗಾಯನ ಕನ್ನಡದ ಮಣ್ಣಿನಲ್ಲಿ ಬೇರುಬಿಟ್ಟಿತು. ಖಾನರ ಸ್ವಂತ ಮಗಳು ಹೀರಾಬಾಯಿ ಬಡೋದೇಕರರೂ (1905–1989) ಮಹಾಗಾಯಕಿಯಾದರೆಂಬುದು ನಿಜ. ಆದರೆ ಅವರೂ ಅಬ್ದುಲ್ ವಹೀದ್ ಖಾನರಲ್ಲಿ ಶಿಷ್ಯವೃತ್ತಿ ಮಾಡಿಯೇ ವಿದ್ಯೆಯನ್ನು ಗಳಿಸಬೇಕಾಯಿತು.

ಒಂದೇ ಗುರುವಿನ ಶಿಷ್ಯರಾದರೂ ಗಂಗೂಬಾಯಿಯವರ ಕಂಠವನ್ನು ಭೀಮಸೇನರ ಕಂಠವೆಂದು ಯಾರೂ ತಪ್ಪು ತಿಳಿಯಲಾರರು. ಶೈಲಿಯು ಗುರುವಿನದು, ಕಂಠವು ತಮ್ಮದು. ಇಲ್ಲಿ ಇನ್ನೊಂದು ಮಾತನ್ನೂ ನೆನೆಯಬೇಕು. 1930ರ ದಶಕದ ಧ್ವನಿಮುದ್ರಿಕೆಗಳಲ್ಲಿ ಗಂಗೂಬಾಯಿಯವರ ಧ್ವನಿ ತೆಳುವಾದ ಸ್ತ್ರೀಕಂಠವೇ ಆಗಿದೆ. ಮುಂದೆ ಗಂಟಲಿಗೆ ಶಸ್ತ್ರಚಿಕಿತ್ಸೆಯಾದ ಬಳಿಕ ಅದು ಗಂಡುದನಿಯಷ್ಟು ಗಂಭೀರವಾಯಿತು. ಅವರು ಹಾಡುವುದನ್ನು ಬಿಡಲಿಲ್ಲ; ಆ ಗಾಂಭೀರ್ಯವನ್ನೇ ತಮ್ಮ ಗಾಯನದ ಸಂಪತ್ತನ್ನಾಗಿ ಮಾಡಿಕೊಂಡರು. ಬೆಳಗಾವಿ ಸೀಮೆಯ ಸುಳೇಭಾವಿಯಲ್ಲಿ ಜನಿಸಿದ ಕುಮಾರ ಗಂಧರ್ವರು (1924–1992) ಕ್ಷಯರೋಗದಿಂದ ವರ್ಷಗಟ್ಟಲೆ ಮೌನವಾಗಿದ್ದು, ಒಂದು ಶ್ವಾಸಕೋಶ ಕುಂದಿದ ಮೇಲೆಯೂ ದೇವಾಸದಲ್ಲಿ ನೆಲೆಸಿ ಹೊಸದೊಂದು ಗಾನರೀತಿಯನ್ನು ಕಟ್ಟಿದರು. ವಂಶವಲ್ಲ, ಸಮಾಜವಲ್ಲ, ರೋಗವೂ ಶಸ್ತ್ರವೂ ಸಹ ಕಂಠವನ್ನು ಮಾರ್ಪಡಿಸುತ್ತವೆ. ಒದಗಿದ ಕಂಠದಿಂದ ಏನನ್ನು ಮಾಡಬೇಕೆಂಬುದನ್ನು ಮಾತ್ರ ಹಾಡುವವನೇ ನಿರ್ಧರಿಸಬೇಕು.

ನಾಲಗೆ ದಪ್ಪವಲ್ಲ, ಕಿವಿಯ ರೂಢಿ

ಇನ್ನು ಉಚ್ಚಾರಣೆಯ ಮಾತು. ಕೆನಡದ ಜೆನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ವಿದ್ವಾಂಸರು 1984ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಹಿಂದಿಯ ತಕಾರ ಟಕಾರಗಳ ಭೇದ ಇಂಗ್ಲಿಷಿನಲ್ಲಿ ಇಲ್ಲ. ಆದರೂ ಇಂಗ್ಲಿಷ್ ಮನೆಗಳ ಆರರಿಂದ ಎಂಟು ತಿಂಗಳ ಶಿಶುಗಳು ಈ ಭೇದವನ್ನು ಚೆನ್ನಾಗಿ ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳಾಗುವಷ್ಟರಲ್ಲಿ ಅವುಗಳಲ್ಲಿ ಬಹುತೇಕ ಶಿಶುಗಳಿಗೆ ಆ ಶಕ್ತಿ ಮಸುಕಾಗಿತ್ತು. ಹಿಂದಿ ಕೇಳುತ್ತ ಬೆಳೆದ ಶಿಶುಗಳಲ್ಲಿ ಅದು ಉಳಿದಿತ್ತು. ಅಂದರೆ ಜಗತ್ತಿನ ಭಾಷೆಗಳ ನಾದಭೇದಗಳಿಗೆಲ್ಲ ತೆರೆದ ಕಿವಿಯೊಡನೆ ಮಗು ಹುಟ್ಟುತ್ತದೆ. ಮನೆಯಲ್ಲಿ ಕೇಳಿಸದ ಭೇದಗಳಿಗೆ ಆ ಕಿವಿ ಕ್ರಮೇಣ ಮುಚ್ಚಿಕೊಳ್ಳುತ್ತದೆ.

ನಮ್ಮ ಮಾಣಿಯು "ಕಾನಾ" ಎನ್ನುವುದಕ್ಕೆ ಕಾರಣ ಇಲ್ಲಿದೆ. ಆಡುಗನ್ನಡದಲ್ಲಿ ಮಹಾಪ್ರಾಣದ ಬಳಕೆ ವಿರಳ. ಅದೇ ನ್ಯಾಯದಿಂದ, ಹಿಂದಿ ಮರಾಠಿಗಳಲ್ಲಿ ಹ್ರಸ್ವದೀರ್ಘ ಎಕಾರಗಳ ಮತ್ತು ಒಕಾರಗಳ ಭೇದವಿಲ್ಲದ ಕಾರಣ, ಆ ಭಾಷೆಗಳನ್ನಾಡುವವರಿಗೆ ನಮ್ಮ ಕೆರೆಯೂ ಕೇರೆಯೂ, ಕೊಡು ಎಂಬುದೂ ಕೋಡು ಎಂಬುದೂ ಒಂದೇ ಆಗಿ ಕೇಳುತ್ತವೆ. ದಿಲ್ಲಿಯಲ್ಲಿ ಹಿಂದಿಯನ್ನೇ ಕೇಳಿ ಬೆಳೆದ ಮಗುವಿಗೆ ಳಕಾರವೂ ಕಷ್ಟ. ಅದರ ಬಾಯಲ್ಲಿ ಮಳೆಯು ಮಲೆಯಾಗುತ್ತದೆ. ಯಾರ ನಾಲಗೆಯೂ ದಪ್ಪವಲ್ಲ. ಬಹುಕಾಲ ಗಲ್ಲೆಯಲ್ಲಿ ಕುಳಿತ ಈ ಲೇಖಕನು ಕಂಡಂತೆ, ಕುಂದಾಪುರದ ಕಡೆಯಿಂದ ಹತ್ತು ಹನ್ನೆರಡು ವರ್ಷದ ಪ್ರಾಯದಲ್ಲಿ ಬಂದ ಹುಡುಗರು ಕೆಲವೇ ವರ್ಷಗಳಲ್ಲಿ ಮುಂಬಯಿಯವರೇ ಮೋಸಹೋಗುವಂತೆ ಮರಾಠಿಯನ್ನಾಡುತ್ತಿದ್ದರು. ನಲವತ್ತು ದಾಟಿ ಬಂದ ಅಡುಗೆಭಟ್ಟರ ಮರಾಠಿಯಲ್ಲಿ ಊರಿನ ಧಾಟಿ ಕೊನೆಯವರೆಗೂ ಉಳಿಯುತ್ತಿತ್ತು. ಇಬ್ಬರೂ ಒಂದೇ ಊರಿನವರು, ಕೆಲವೊಮ್ಮೆ ಒಂದೇ ಮನೆಯವರು. ವ್ಯತ್ಯಾಸ ರಕ್ತದ್ದಲ್ಲ, ವಯಸ್ಸಿನದು.

ವೃತ್ತಿಯೂ ಕಂಠವನ್ನು ಕಡೆಯುತ್ತದೆ

ನಮ್ಮ ಕಸುಬಿನ ಪ್ರಭಾವವನ್ನೂ ಮರೆಯಬಾರದು. ಸುತ್ತಲಿನ ಗದ್ದಲ ಹೆಚ್ಚಿದಂತೆ ಮನುಷ್ಯನು ತನಗರಿವಿಲ್ಲದೆಯೇ ಧ್ವನಿಯನ್ನು ಏರಿಸುತ್ತಾನೆಂಬುದನ್ನು ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲಿ ವಿವರಿಸಿದನು. ತಟ್ಟೆಲೋಟಗಳ ಸದ್ದು, ಒಲೆಯ ಭೋರ್ಗರೆತಗಳ ನಡುವೆ "ಎರಡು ಸಾದಾ, ಒಂದು ಮಸಾಲೆ" ಎಂದು ದಿನವಿಡೀ ಕೂಗುವವನಿಗೆ ಮನೆಗೆ ಹೋದರೂ ಮೆಲ್ಲನೆ ಮಾತನಾಡುವ ಅಭ್ಯಾಸ ತಪ್ಪಿಹೋಗುತ್ತದೆ. ಅವನನ್ನು ಒರಟನೆನ್ನುವವರು ಅವನ ಕೆಲಸದ ಸ್ಥಳವನ್ನು ನೋಡಿಲ್ಲ. ನಿತ್ಯದ ಕೂಗಾಟದಿಂದ ಧ್ವನಿತಂತುಗಳ ಮೇಲೆ ಸಣ್ಣ ಗಂಟುಗಳೇಳುವುದೂ ಉಂಟು. ಮೂರು ನಾಲ್ಕು ವಾರ ಕಳೆದರೂ ಒಡೆದ ಕಂಠ ಸರಿಹೋಗದಿದ್ದರೆ, ವಿಶೇಷವಾಗಿ ಬೀಡಿ ತಂಬಾಕುಗಳ ಚಟವುಳ್ಳವರು, ವೈದ್ಯರಿಗೆ ತೋರಿಸಲು ತಡಮಾಡಬಾರದು. ಹಾಲಿನಿಂದ ಅಡುಗೆಮನೆಗೆ ಚೀಟಿಯ ಮೂಲಕ ಆರ್ಡರು ಕಳಿಸುವ ಪದ್ಧತಿಯನ್ನು ಮಾಲಕರು ಇಟ್ಟುಕೊಂಡರೆ ಎಷ್ಟೋ ಕಂಠಗಳು ಉಳಿದಾವು.

ಒಟ್ಟಿನಲ್ಲಿ ಹೇಳುವುದಾದರೆ, ಧ್ವನಿಯ ತಗ್ಗು ಏರು ಮತ್ತು ಬಣ್ಣಗಳಿಗೆ ಹಿರಿಯರು ತಳಹದಿ ಹಾಕಿಕೊಡುತ್ತಾರೆ. ಮಾತಿನ ಧಾಟಿ, ಉಚ್ಚಾರಣೆ, ರಾಗಗಳನ್ನು ಸುತ್ತಲಿನವರು ಕೊಡುತ್ತಾರೆ. ಆದುದರಿಂದ ಉಚ್ಚಾರಣೆಗಾಗಿ ನಗುವವರ ಮುಂದೆ ನಮ್ಮ ತರುಣರು ತಲೆತಗ್ಗಿಸಬೇಕಾಗಿಲ್ಲ. ಬೇಕಾದಲ್ಲಿ ಆಲಿಸಿ, ಅಭ್ಯಾಸಮಾಡಿ ತಿದ್ದಿಕೊಳ್ಳಬಹುದು. ಆದರೆ ಮಕ್ಕಳ ಕನ್ನಡವನ್ನು ರಕ್ತದ ಪಾಲಿಗೆ ಬಿಟ್ಟು ಕೈಕಟ್ಟಿ ಕುಳಿತುಕೊಳ್ಳುವುದು ಸಲ್ಲದು. ಅದು ತಾನಾಗಿ ಬರಲಾರದು. ತೊಟ್ಟಿಲಲ್ಲಿರುವಾಗಲೇ ಮಗುವಿನ ಕಿವಿಗೆ ನಮ್ಮ ಮಾತು ಬೀಳಬೇಕು. ಅದಕ್ಕೆ ಶಾಲೆ ಬೇಕಿಲ್ಲ, ಫೀಜು ಬೇಕಿಲ್ಲ. ಪಾಳಿ ಮುಗಿಸಿ ರಾತ್ರಿ ಮನೆಗೆ ಹೋದ ತಂದೆಯು ಮಗುವಿನೊಡನೆ ಕಾಲುಗಂಟೆ ಕನ್ನಡದಲ್ಲಿ ಹರಟುವುದರಿಂದಲೇ ಆ ಕೆಲಸ ಆರಂಭವಾಗುತ್ತದೆ.