ಕಬ್ಬಿನ ಸುಳಿಯೊಳಗೆ ಹಸಿರು ಹುಟ್ಟುವ ಬಗೆ

ಕಬ್ಬಿನ ಗರಿ ಬೆಳೆಯುವುದು ಬುಡದಿಂದ. ತುದಿ ಮೊದಲು ಹುಟ್ಟಿ ಮೇಲಕ್ಕೆ ಸಾಗುತ್ತದೆ. ಹೊಸ ಕೋಶಗಳು ಕೆಳಗೆ, ಸುಳಿಯ ಕತ್ತಲಲ್ಲಿ ಹುಟ್ಟುತ್ತಲೇ ಇರುತ್ತವೆ. ತಿರುಪ್ಪೂರು ಜಿಲ್ಲೆಯ ಉಡುಮಲೈಪೇಟೆ, ಮಡತ್ತುಕುಳಂ ಕಡೆ ಅಮರಾವತಿ ನೀರುಂಡು ಬೆಳೆದ ಕಬ್ಬಿನ ಸುಳಿಯೊಂದನ್ನು ಉದ್ದಕ್ಕೆ ಸೀಳಿ ನೋಡಿ. ಎಳೆಗರಿಯ ಬುಡ ಬಿಳಿ, ಮೇಲೆ ಹೋದಂತೆ ತಿಳಿಹಳದಿ, ಬಿಸಿಲು ತಾಗಿದ ಕಡೆ ಕಡುಹಸಿರು. ಹಸಿರಿನ ಹುಟ್ಟು, ಬೆಳವಣಿಗೆ ಎರಡೂ ಒಂದೇ ಗರಿಯಲ್ಲಿ ಸಾಲಾಗಿ ಕಾಣಸಿಗುತ್ತವೆ.

ಬುಡದ ಬಿಳಿ ಕೋಶಗಳಲ್ಲಿರುವುದು ಪ್ರೊಪ್ಲಾಸ್ಟಿಡ್‌ಗಳು. ಗಾತ್ರ ಸುಮಾರು ಒಂದು ಮೈಕ್ರೋಮೀಟರ್. ಬಣ್ಣವಿಲ್ಲ, ಒಳಗೆ ಪೊರೆಗಳೂ ಹೆಚ್ಚಿಲ್ಲ. ಗಿಡ ಇವನ್ನು ಹೊಸದಾಗಿ ಕಟ್ಟಿಕೊಳ್ಳಲಾರದು. ಇದ್ದದ್ದೇ ಸೀಳಿ ಎರಡಾಗಬೇಕು, ಕೋಶ ಒಡೆದಾಗ ಮರಿಕೋಶಗಳಿಗೆ ಹಂಚಿಹೋಗಬೇಕು. ಇದೇ ಪ್ರೊಪ್ಲಾಸ್ಟಿಡ್ ಎಲೆಯಲ್ಲಿ ಕ್ಲೋರೋಪ್ಲಾಸ್ಟ್ ಆಗುತ್ತದೆ, ಆಲೂಗಡ್ಡೆಯಲ್ಲಿ ಪಿಷ್ಟ ತುಂಬಿದ ಅಮೈಲೋಪ್ಲಾಸ್ಟ್ ಆಗುತ್ತದೆ. ಟೊಮೆಟೊ ಕಾಯಿಯ ಕ್ಲೋರೋಪ್ಲಾಸ್ಟ್ ಹಣ್ಣಾಗುವಾಗ ಹಸಿರು ಕಳೆದುಕೊಂಡು ಕೆಂಪು ತುಂಬಿದ ಕ್ರೋಮೋಪ್ಲಾಸ್ಟ್ ಆಗಿ ಮಾರ್ಪಡುತ್ತದೆ.

ಬೆಳಕು ಬಿದ್ದೊಡನೆ, ಕತ್ತಲಲ್ಲೇ ಸಿದ್ಧವಾಗಿದ್ದ ಒಂದು ಪೂರ್ವವಸ್ತು ಪತ್ರಹರಿತ್ತಿನತ್ತ ತಿರುಗುತ್ತದೆ. ಪೊರೆಗಳು ಹರಡಿ, ಒಂದರ ಮೇಲೊಂದು ಕುಳಿತು ‘ಗ್ರಾನಾ’ ಎಂಬ ಒಟ್ಟಿಲುಗಳಾಗುತ್ತವೆ. ನನಗೆ ಅತ್ಯಂತ ಸೋಜಿಗವೆನಿಸುವುದು ಇದರ ಮುಂದಿನ ಹಂತ. ಕಬ್ಬಿನ ಎಲೆಯಲ್ಲಿ ಕ್ಲೋರೋಪ್ಲಾಸ್ಟ್ ಎರಡು ಬಗೆ. ನಾಳಗಳನ್ನು ಸುತ್ತುವರಿದ ಕವಚಕೋಶಗಳದ್ದು ಒಂದು, ಅವುಗಳ ಹೊರಗಿನ ಕೋಶಗಳದ್ದು ಇನ್ನೊಂದು. ಎಳೆಯದರಲ್ಲಿ ಎರಡೂ ಒಂದೇ ತರಹ, ಎರಡರಲ್ಲೂ ಗ್ರಾನಾ ಇರುತ್ತದೆ. ಬಲಿತಂತೆ ಕವಚಕೋಶದ ಕ್ಲೋರೋಪ್ಲಾಸ್ಟ್ ತಾನು ಕಟ್ಟಿದ ಗ್ರಾನಾವನ್ನು ತಾನೇ ಕಳಚಿಹಾಕುತ್ತದೆ. ಸಸ್ಯವಿಜ್ಞಾನಿಗಳಾದ ಲೆಟ್ಷ್ ಮತ್ತು ಪ್ರೈಸ್ 1969ರಲ್ಲಿ ಇದನ್ನು ವಿವರಿಸಿದರು.

ಕಟ್ಟಿದ್ದನ್ನು ಕಳಚುವುದೇಕೆ? ಆಮ್ಲಜನಕ ಹೊಮ್ಮುವುದು ಮುಖ್ಯವಾಗಿ ಗ್ರಾನಾದಲ್ಲಿ. ಇಂಗಾಲವನ್ನು ಸಕ್ಕರೆಗೆ ಕಟ್ಟುವ ರುಬಿಸ್ಕೋ ಕಿಣ್ವ ಆಮ್ಲಜನಕ ಕಂಡರೆ ಅದನ್ನೂ ಹಿಡಿದು, ಕಟ್ಟಿದ ಇಂಗಾಲದಲ್ಲಿ ಒಂದಷ್ಟನ್ನು ಕಳೆಯುತ್ತದೆ. ಕಬ್ಬು ಆ ಕಿಣ್ವವನ್ನು ಗ್ರಾನಾ ಇಲ್ಲದ ಕವಚಕೋಶದಲ್ಲಿಟ್ಟು, ಹೊರಗಿನ ಕೋಶಗಳಿಂದ ಇಂಗಾಲವನ್ನು ಅಲ್ಲಿಗೆ ಸಾಗಿಸುತ್ತದೆ. ಆದ್ದರಿಂದ ಉರಿಬಿಸಿಲಲ್ಲೂ ಅದರ ಸಕ್ಕರೆ ತಯಾರಿ ಸೊರಗದು.

ಪ್ಲಾಸ್ಟಿಡ್‌ಗೆ ತನ್ನದೇ ಡಿಎನ್‌ಎ ಇದೆ. ಕಬ್ಬಿನಲ್ಲಿ ಅದರ ಉದ್ದ ಸುಮಾರು 1.41 ಲಕ್ಷ ಅಕ್ಷರ. ಅದು ತಾಯಿಯ ಕಡೆಯಿಂದ ಬರುತ್ತದೆ. ಇಲ್ಲಿ ಕೊಯಮತ್ತೂರಿನ ನೆನಪು ಬರಲೇಬೇಕು. ಕಬ್ಬು ಚೆನ್ನಾಗಿ ಹೂಬಿಟ್ಟು ಬೀಜ ಕಟ್ಟುವ ಊರೆಂದು 1912ರಲ್ಲಿ ಅಲ್ಲಿ ಕಬ್ಬು ತಳಿ ಸಂಶೋಧನೆ ಆರಂಭವಾಯಿತು. ಅಲ್ಲಿನ ವಿಜ್ಞಾನಿಗಳಾದ ಬಾರ್ಬರ್ ಮತ್ತು ಟಿ. ಎಸ್. ವೆಂಕಟರಾಮನ್ ದಪ್ಪ ಸಿಹಿಗಬ್ಬು ‘ವೆಲ್ಲೈ’ಗೆ ಕೊಯಮತ್ತೂರಿನದೇ ಕಾಡುಕಬ್ಬಿನ ಪರಾಗ ಬೆರೆಸಿ ಪಡೆದ ಕೋ 205 ತಳಿ 1918ರಲ್ಲಿ ಬಿಡುಗಡೆಯಾಯಿತು. ತಾಯಿ ಸಿಹಿಗಬ್ಬು, ಹಾಗಾಗಿ ಪ್ಲಾಸ್ಟಿಡ್ ಕೂಡ ಅದರದ್ದೇ. ಇಂದಿನ ಬಹುಪಾಲು ತಳಿಗಳಲ್ಲೂ ಹಾಗೆಯೇ. ಆದರೆ ಕ್ಲೋರೋಪ್ಲಾಸ್ಟ್ ಕಟ್ಟಲು ಬೇಕಾದ ಪ್ರೋಟೀನ್‌ಗಳಲ್ಲಿ ಬಹುಪಾಲಿನ ಸೂಚನೆ ಇರುವುದು ಕೋಶಕೇಂದ್ರದಲ್ಲಿ, ಅಲ್ಲಿ ಕಾಡುಕಬ್ಬಿನ ಪಾಲೂ ಇದೆ. ಕರ್ನಾಟಕದ ರೈತರಿಗೆ ಪರಿಚಿತವಾದ ಕೋ 86032 ಬಂದದ್ದೂ ಕೊಯಮತ್ತೂರಿನಿಂದಲೇ.

ಉಡುಮಲೈಪೇಟೆ ಕಡೆಯ ಸುಣ್ಣದಂಶ ಹೆಚ್ಚಿರುವ ಮಣ್ಣಿನಲ್ಲಿ, ಮುಖ್ಯವಾಗಿ ಕೂಳೆ ಬೆಳೆಯಲ್ಲಿ, ಕಬ್ಬಿಣದ ಕೊರತೆಯಿಂದ ಸುಳಿಗರಿಗಳು ಹಸಿರು ಕಟ್ಟಲಾಗದೆ ಬಿಳಿಚಿಕೊಳ್ಳುವುದುಂಟು. ನರಗಳು ಹಸಿರು, ನಡುವೆ ಹಳದಿ ಪಟ್ಟಿ. ಕೊರತೆ ಬಲಿತರೆ ಇಡೀ ಗರಿ ಬಿಳಿ. ಪತ್ರಹರಿತ್ತಿನ ಅಣುವಿನಲ್ಲಿ ಕಬ್ಬಿಣ ಇಲ್ಲ. ಆದರೆ ಅದನ್ನು ತಯಾರಿಸಲು, ಪೊರೆಗಳನ್ನು ಕಟ್ಟಲು ಕಬ್ಬಿಣ ಬೇಕು. ಹಳೆಯ ಗರಿಯಲ್ಲಿರುವ ಕಬ್ಬಿಣ ಹೊಸ ಗರಿಗೆ ಸುಲಭವಾಗಿ ಹೋಗದು, ಹಾಗಾಗಿ ಅದರ ಕೊರತೆ ಮೊದಲು ಸುಳಿಯಲ್ಲೇ ಕಾಣುತ್ತದೆ. ಸಾರಜನಕದ ಕೊರತೆ ಹಾಗಲ್ಲ, ಅದು ಮೊದಲು ತೋರುವುದು ಕೆಳಗಿನ ಹಳೆಯ ಗರಿಗಳಲ್ಲಿ.

ಆದ್ದರಿಂದ ಗದ್ದೆ ಹಳದಿಯಾಯಿತೆಂದು ಯೂರಿಯಾ ಚೀಲ ಬಿಚ್ಚುವ ಮೊದಲು, ಹಳದಿ ಎಲ್ಲಿದೆ ನೋಡಿ. ಅದು ಸುಳಿಯಲ್ಲಿದ್ದರೆ ಕೃಷಿ ಅಧಿಕಾರಿಯನ್ನು ಕೇಳಿ, ಸರಿಯಾದ ಪ್ರಮಾಣದಲ್ಲಿ ಅನ್ನಭೇದಿ (ಫೆರಸ್ ಸಲ್ಫೇಟ್) ಸಿಂಪಡಿಸಿ.